ಹಿಂದಿನಂಗಳದ ಮನೆಪುಸ್ತಕ

೧೯೬೩ ಅಕ್ಟೋಬರ್ ೨೧, ಸೋಮವಾರ

ಕೊನೆಗೂ ಆ ದರಿದ್ರ ಪುಸ್ತಕ ನನ್ನ ಕೊರಳಿಗೇ ಬಿತ್ತು.

ಮೂರನೆಯ ಮಹಡಿಯ ಕೂಲಿಕೆ ಎಂಬ ಮುದುಕ ಹೋದ ವಾರ ತೀರಿಕೊಂಡ. ಮನೆಪುಸ್ತಕ ಇಷ್ಟು ವರ್ಷ ಅವನ ಹತ್ತಿರವಿತ್ತು. ಹಿಂದಿನಂಗಳದ ಈ ಕಟ್ಟಡದಲ್ಲಿ ಹದಿನಾಲ್ಕು ಮನೆ. ಯಾರು ಹೊಸದಾಗಿ ಬಂದರು, ಯಾರು ಬಿಟ್ಟುಹೋದರು, ಯಾರ ಮನೆಗೆ ಬಂದ ನೆಂಟರು ಮೂರು ದಿನಕ್ಕಿಂತ ಹೆಚ್ಚು ಉಳಿದರು, ಎಲ್ಲ ಅದರಲ್ಲಿ ಬರೆಯಬೇಕು. ಪೊಲೀಸರು ಬಂದಾಗ ತೋರಿಸಬೇಕು. ಇವತ್ತು ಬೆಳಿಗ್ಗೆ ನಮ್ಮ ಬೀದಿಯ ಪೊಲೀಸ್ ಲೆಂಬ್ಕೆ ಅದನ್ನು ಕಂಕುಳಲ್ಲಿ ಇರುಕಿಕೊಂಡು ಬಂದ.

"ಅಮ್ಮಾವ್ರೇ, ನೀವು ನೆಲಮಹಡೀಲಿದೀರಿ. ಕಿಟಕಿಯಿಂದ ಗೇಟು ಕಾಣ್ಸತ್ತೆ. ಬಲ್ಬ್ ಕಾರ್ಖಾನೆ ಕೆಲಸದಿಂದ ರಿಟೈರೂ ಆಗಿದೀರಿ."

"ಹಾಸಿಗೆ ಹಿಡಿದ ತಾಯಿ ಇದಾಳೆ, ನನ್ನ ಸೊಂಟ ಬಿದ್ದುಹೋಗಿದೆ. ಅದನ್ನೂ ಬರ್ಕೊಂಡಿದೀರಾ?"

"ಬರ್ಕೊಂಡಿದೀವಿ" ಅಂದ, ಒಂಚೂರೂ ನಗದೆ.

ಒಲ್ಲೆ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಒಳಗಿಂದ ಅಮ್ಮ, "ಯಾರೇ ಅದು, ಹೆರ್ಟಾನಾ?" ಎಂದು ಕೂಗಿದಳು. ಬಾಗಿಲು ಸದ್ದಾದಾಗಲೆಲ್ಲ ಇದೇ ಪ್ರಶ್ನೆ. ತಂಗಿ ಹೆರ್ಟಾ ಇರುವುದು ಪಶ್ಚಿಮ ಬರ್ಲಿನಿನ ವೆಡ್ಡಿಂಗ್‌ನಲ್ಲಿ, ನಾವಿರುವ ಈ ಪೂರ್ವದ ಕಡೆಯಿಂದ ಕಾಲುನಡಿಗೆಯಲ್ಲಿ ಇಪ್ಪತ್ತು ನಿಮಿಷ. ನಡುವೆ ಗೋಡೆ ಎದ್ದು ಎರಡು ವರ್ಷ ಎರಡು ತಿಂಗಳಾಯಿತು. ಗೋಡೆ ಎದ್ದ ಆ ಭಾನುವಾರ ಮಧ್ಯಾಹ್ನದ ಊಟಕ್ಕೆ ಬರಬೇಕಾಗಿದ್ದವಳು ಇನ್ನೂ ಬಂದಿಲ್ಲ. ಎಂಬತ್ತಮೂರರ ಅಮ್ಮನಿಗೆ ಯಾವ ಬಾಯಿಂದ ವಿವರಿಸಲಿ? "ಅಮೆರಿಕದವರಿಗೂ ರಷ್ಯದವರಿಗೂ ಜಗಳ ಅಮ್ಮ" ಎಂದರೆ, "ಅವರ ಜಗಳಕ್ಕೂ ನನ್ನ ಮಗಳಿಗೂ ಏನೇ ಸಂಬಂಧ?" ಎನ್ನುತ್ತಾಳೆ. ನನಗೂ ಗೊತ್ತಿಲ್ಲ.

ರುಜು ಹಾಕಿ ಪುಸ್ತಕ ಇಸಿದುಕೊಂಡೆ. ಅಡುಗೆಮನೆಯ ಕಪಾಟಿನ ಮೇಲೆ ಬಾಣಲೆಗಳ ಹಿಂದೆ ತುರುಕಿದ್ದೇನೆ. ಅದರ ಮುಖ ನೋಡಲೂ ಇಷ್ಟವಿಲ್ಲ.

ಅಕ್ಟೋಬರ್ ೨೫, ಶುಕ್ರವಾರ

ಇಡೀ ಕಟ್ಟಡಕ್ಕೆ ನಾನು ತಮಾಷೆಯ ವಸ್ತುವಾಗಿದ್ದೇನೆ. ನಾಲ್ಕನೆಯ ಮಹಡಿಯ ಬೂಸೆ, ಟ್ರಾಮ್ ಓಡಿಸುವವನು, ಮೆಟ್ಟಿಲಲ್ಲಿ ನಿಂತು ಸೆಲ್ಯೂಟ್ ಹೊಡೆದ. "ನಮ್ಮತ್ತೆ ಬಂದಿದಾಳೆ, ಬರ್ಕೊಳ್ಳಿ. ಹೆಂಗಸು ಒಂದು, ಸೂಟ್‌ಕೇಸು ಎರಡು, ಬಾಯಿಗೆ ಮಾತ್ರ ನಿಮ್ಮ ಪುಸ್ತಕದಲ್ಲಿ ಜಾಗ ಸಾಲಲ್ಲ." ಎಷ್ಟೋ ದಿನದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕೆ.

ಎರಡನೆಯ ಮಹಡಿಯ ಟ್ರೂಡೆ ಮಾತ್ರ ನಗಲಿಲ್ಲ. ಟ್ರೂಡೆ ಅಂದರೆ ನನಗೆ ಮೂವತ್ತು ವರ್ಷದ ಗೆಳತಿ. ಹೆರ್ಟಾಳ ಜೊತೆ ಹೊಲಿಗೆ ಕಲಿತವಳು. ನಲವತ್ತೈದರಲ್ಲಿ ಬಾಂಬು ಬೀಳುವಾಗ ಹನ್ನೊಂದು ದಿನ ನೆಲಮಾಳಿಗೆಯಲ್ಲಿ ಒಂದೇ ಕಂಬಳಿಯಡಿ ಕೂತವರು ನಾವು. "ಕೂಲಿಕೆಗೆ ಕಣ್ಣು ಮಂದ ಇತ್ತು ಕಣೇ ಆಲ್ಮಾ, ಹಾಗಾಗಿ ನಾವೆಲ್ಲ ನೆಮ್ಮದಿಯಾಗಿದ್ವಿ. ನೀನೂ ಸ್ವಲ್ಪ ಮಂದ ಮಾಡ್ಕೊ ಮಾರಾಯ್ತಿ" ಅಂದಳು.

"ನನ್ನ ಕಣ್ಣು ಬಲ್ಬಿನ ತಂತಿ ಸುತ್ತೀ ಸುತ್ತೀ ಆಗಲೇ ಹೋಗಿದೆ" ಅಂದೆ.

ನವೆಂಬರ್ ೬, ಬುಧವಾರ

ಟ್ರೂಡೆಯ ಮನೆಗೆ ಅವಳ ತಂಗಿಯ ಮಗಳು ಬಂದಿದ್ದಾಳೆ. ಸಿಗ್ರುನ್ ಅಂತ ಹೆಸರು, ಮಾಗ್ಡೆಬುರ್ಗ್‌ನಲ್ಲಿ ನರ್ಸು, ಇಪ್ಪತ್ತಾರು ವರ್ಷ. ಕೈಯಲ್ಲಿ ಒಂದೇ ಒಂದು ಚಿಕ್ಕ ಚೀಲ. ನಾನು ಅಂಗಳದಲ್ಲಿ ಕಲ್ಲಿದ್ದಲಿನ ಬಕೆಟ್ಟು ಎತ್ತಲಾರದೆ ಏದುಸಿರು ಬಿಡುತ್ತಿದ್ದರೆ, ಹೇಳದೆ ಕೇಳದೆ ಕಿತ್ತುಕೊಂಡು ಒಳಗೆ ತಂದಿಟ್ಟಳು. ಅಮ್ಮನನ್ನು ಕಂಡವಳೇ ಹೊದಿಕೆ ಸರಿಸಿ ಬೆನ್ನು ನೋಡಿದಳು.

"ಆಲ್ಮಾ ದೊಡ್ಡಮ್ಮ, ಇದು ಹುಣ್ಣಾಗ್ತಿದೆ. ದಿನಾ ಮಗ್ಗುಲು ಬದಲಾಯಿಸ್ತಿದೀರಾ?"

"ಒಬ್ಬಳ ಕೈಲಿ ಆಗಲ್ಲ ಕಣಮ್ಮ."

"ಇಬ್ಬರ ಕೈಲಿ ಆಗತ್ತೆ ಬಿಡಿ" ಅಂದಳು. ಆಯಿತು ಕೂಡ. ಅಮ್ಮ ಸಂಜೆಯವರೆಗೆ ನರಳಲಿಲ್ಲ.

ನವೆಂಬರ್ ೧೦, ಭಾನುವಾರ

ನಿನ್ನೆಗೆ ಮೂರು ದಿನ ಕಳೆಯಿತು. ಸಿಗ್ರುನ್ ಹೆಸರು ಬರೆಯಬೇಕು. ಪುಸ್ತಕ ಕೆಳಗಿಳಿಸಿ ಧೂಳು ಒರೆಸುತ್ತಿದ್ದಾಗಲೇ ಟ್ರೂಡೆ ಬಂದು ಮೇಜಿನ ಮುಂದೆ ಕೂತಳು. ಅವಳ ಮುಖ ನೋಡಿಯೇ ಅರ್ಥವಾಯಿತು.

"ಅವಳ ಹೆಸರು ಬರೀಬೇಡ ಆಲ್ಮಾ. ರಜೆ ಮುಗಿದ್ರೂ ಆಸ್ಪತ್ರೆಗೆ ವಾಪಸ್ ಹೋಗಿಲ್ಲ. ಇಲ್ಲಿ ಬರೆದ್ರೆ ಅಲ್ಲಿಗೆ ಸುದ್ದಿ ಹೋಗತ್ತೆ."

"ಯಾಕೆ ಹೋಗಿಲ್ಲ?"

ಟ್ರೂಡೆ ಎದ್ದು ಬಾಗಿಲ ಚಿಲಕ ಹಾಕಿ ಬಂದು ಕೂತಳು. ಆಮೇಲೆ ಹೇಳಿದಳು. ಆ ಹುಡುಗಿಯ ಮದುವೆ ನಿಶ್ಚಯವಾಗಿದ್ದವನು ಗೋಡೆ ಬಂದ ದಿನ ಆಚೆ ಕಡೆ ಸಿಕ್ಕಿಕೊಂಡನಂತೆ. ಉಳಿದದ್ದನ್ನು ಹೇಳಬೇಡ ಎಂದು ನಾನೇ ಕೈ ಅಡ್ಡ ಹಿಡಿದೆ. ನನಗೇ ಗೊತ್ತಿಲ್ಲದಿದ್ದರೆ ಯಾರೂ ನನ್ನ ಬಾಯಿ ಬಿಡಿಸಲಾರರು. "ಬರಿಯಲ್ಲ ಹೋಗು" ಅಂದೆ. ಟ್ರೂಡೆ ನನ್ನನ್ನು ತಬ್ಬಿಕೊಂಡು ಅತ್ತಳು. ನನಗೂ ಕಣ್ಣು ತುಂಬಿತು. ನಾವು ಆ ನೆಲಮಾಳಿಗೆಯಿಂದ ಎದ್ದು ಬಂದದ್ದು ಇದಕ್ಕೇ ಏನು?

ಪುಸ್ತಕ ಮತ್ತೆ ಬಾಣಲೆಗಳ ಹಿಂದೆ ಹೋಯಿತು.

ನವೆಂಬರ್ ೧೫, ಶುಕ್ರವಾರ

ಬೆಳಿಗ್ಗೆ ಏಳಕ್ಕೆ ಸರಿಯಾಗಿ ಸಿಗ್ರುನ್ ಬರುತ್ತಾಳೆ. ಬಿಸಿನೀರು, ಬಟ್ಟೆ, ಮುಲಾಮು. ಅಮ್ಮನ ಹುಣ್ಣು ಒಣಗುತ್ತಿದೆ. ಇವತ್ತು ಅಮ್ಮ ಅವಳಿಗೆ ತನ್ನ ಮದುವೆಯ ಕಥೆ ಹೇಳಿ ಹಲ್ಲಿಲ್ಲದ ಬಾಯಲ್ಲಿ ಕಿಲಕಿಲ ನಕ್ಕಳು. ಆ ಕಥೆ ನನಗೆ ಯಾವತ್ತೂ ಹೇಳಿರಲಿಲ್ಲ. ಸ್ವಲ್ಪ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ.

ನವೆಂಬರ್ ೨೩, ಶನಿವಾರ

ಅಮೆರಿಕದ ಅಧ್ಯಕ್ಷರನ್ನು ಗುಂಡಿಕ್ಕಿ ಕೊಂದರಂತೆ. ರೇಡಿಯೋ ಕೇಳಿಸಿಕೊಂಡ ಅಮ್ಮ ಎದ್ದು ಕೂರಲು ಹೊರಟಳು. "ಮತ್ತೆ ಯುದ್ಧ ಬಂತು, ಬಕೆಟ್ಟಿಗೆಲ್ಲ ನೀರು ತುಂಬ್ಸು. ಕಿಟಕಿಗೆ ಕಂಬಳಿ ಕಟ್ಟು. ಹೆರ್ಟಾನ ಸ್ಕೂಲಿಂದ ಕರ್ಕೊಂಡು ಬಾ." ಅವಳ ಸಮಾಧಾನಕ್ಕೆ ಎರಡು ಬಕೆಟ್ಟು ತುಂಬಿಸಿದೆ. ಆಮೇಲೆ ನೋಡಿದರೆ ಟ್ರೂಡೆಯೂ ತುಂಬಿಸಿದ್ದಾಳೆ, ಬೂಸೆಯ ಹೆಂಡತಿಯೂ ತುಂಬಿಸಿದ್ದಾಳೆ. ಯಾರಿಗೂ ಯಾರೂ ಹೇಳಿರಲಿಲ್ಲ. ಹೋದ ವರ್ಷ ಕ್ಯೂಬಾದ ಗಲಾಟೆಯಲ್ಲೂ ಹೀಗೇ. ದೊಡ್ಡವರು ಅಲ್ಲಿ ಕೆಮ್ಮಿದರೆ ಇಲ್ಲಿ ನಾವು ನಲ್ಲಿಯ ಮುಂದೆ ಓಡಬೇಕು. ಸಾಕಾಗಿ ಹೋಗಿದೆ.

ಮಧ್ಯಾಹ್ನ ಲೆಂಬ್ಕೆ ಬಂದ. ಎಲ್ಲ ಕಡೆ ಎಚ್ಚರವಿರಬೇಕು ಎಂದು ಆಜ್ಞೆಯಂತೆ.

"ಹೊಸಬರು ಯಾರೂ ಇಲ್ವಾ ಅಮ್ಮಾವ್ರೇ?"

"ಯಾರೂ ಇಲ್ಲ."

ಅದೇ ಹೊತ್ತಿಗೆ ಒಳಕೋಣೆಯಲ್ಲಿ, ಅಮ್ಮನನ್ನು ಇನ್ನೊಮ್ಮೆ ಒರೆಸಲು ಬಂದಿದ್ದ ಸಿಗ್ರುನ್ ಬಟ್ಟೆ ಹಿಂಡಿದ ಸದ್ದು. "ಒಳಗ್ಯಾರು?" ಅಂದ. "ಅಮ್ಮ" ಅಂದೆ. ಹಾಸಿಗೆ ಹಿಡಿದ ಮುದುಕಿ ತಾನೇ ಬಟ್ಟೆ ಹಿಂಡುತ್ತಾಳೆಂದು ಅವನು ನಂಬಿದನೋ ಬಿಟ್ಟನೋ, ಟೋಪಿ ಹಾಕಿಕೊಂಡು ಹೊರಟ. ನಾನು ಬಾಗಿಲಿಗೆ ಅಗುಳಿ ಹಾಕಿ ಅಲ್ಲೇ ಕೂತೆ. ಸಿಗ್ರುನ್ ಬಂದು ನನ್ನ ತಲೆ ತನ್ನ ಹೊಟ್ಟೆಗೆ ಒತ್ತಿಕೊಂಡಳು.

ನವೆಂಬರ್ ೨೯, ಶುಕ್ರವಾರ

ಡಾಕ್ಟರು ಬಂದಿದ್ದರು. ಬಾಗಿಲ ಹೊರಗೆ ನಿಂತು, "ಹೃದಯ ದಣಿದಿದೆ. ವಸಂತದವರೆಗೆ ಕಷ್ಟ" ಎಂದರು. ಒಳಗೆ ಬಂದರೆ ಅಮ್ಮ, "ಯಾರೇ, ಹೆರ್ಟಾನಾ?"

ಒಮ್ಮೆ, ಒಂದೇ ಒಂದು ಸಲ ಹೆರ್ಟಾ ಈ ಮಂಚದ ಹತ್ತಿರ ಕೂತರೆ ಸಾಕು. ಆಮೇಲೆ ಏನಾದರೂ ಆಗಲಿ. ನನಗೆ ಬೇರೇನೂ ಬೇಡ.

ಡಿಸೆಂಬರ್ ೪, ಬುಧವಾರ

ಸೊಂಟ ನೋವು. ಕಿಟಕಿಯ ಹತ್ತಿರ ಕೂತೇ ದಿನ ಕಳೆದೆ. ಮೆಟ್ಟಿಲ ಸದ್ದಿನಲ್ಲೇ ಯಾರೆಂದು ಈಗ ನನಗೆ ತಿಳಿಯುತ್ತದೆ. ಬೂಸೆ ಎರಡೆರಡು ಮೆಟ್ಟಿಲು ಹಾರುತ್ತಾನೆ, ಟ್ರೂಡೆ ಎಡಗಾಲು ಎಳೆಯುತ್ತಾಳೆ. ಸಿಗ್ರುನ್ ಒಂಬತ್ತೂ ಕಾಲಿಗೆ ಹೊರಟು ಹನ್ನೊಂದೂವರೆಗೆ ಬಂದಳು. ಬೂಟು ಕೆಸರಾಗಿತ್ತು. ಈ ಚಳಿಯಲ್ಲಿ ಕೆಸರಿರುವ ಜಾಗ ಊರಲ್ಲಿ ಎಲ್ಲಿದೆಯೋ.

ಡಿಸೆಂಬರ್ ೯, ಸೋಮವಾರ

ಲೆಂಬ್ಕೆ ಬಂದಿದ್ದರು. ಪಾಪ, ಕಾಲು ಹಿಮಗಟ್ಟಿದ ಹಾಗಿತ್ತು. ಒಲೆಯ ಹತ್ತಿರ ಕುರ್ಚಿ ಹಾಕಿ ಬಾರ್ಲಿ ಕಾಫಿ ಕೊಟ್ಟೆ. ಅಮ್ಮನ ಆರೋಗ್ಯ ವಿಚಾರಿಸಿದರು. ಡಾಕ್ಟರು ಹೇಳಿದ್ದನ್ನು ಹೇಳುತ್ತ ಹೇಳುತ್ತ ನನಗೆ ಅಳು ಬಂತು. ಅವರು ಲೋಟ ಕೆಳಗಿಟ್ಟರು.

"ಒಂದು ಮಾತು. ನಾನು ಹೇಳ್ದೆ ಅಂತ ಎಲ್ಲೂ ಹೋಗಬಾರದು. ಕ್ರಿಸ್ಮಸ್ಸಿಗೆ ಆಚೆ ಕಡೆಯೋರಿಗೆ ಸಂಬಂಧಿಕರನ್ನ ನೋಡೋಕೆ ಒಂದು ದಿನ ಬಿಡಬಹುದು ಅಂತ ಮೇಲಿನೋರು ಮಾತಾಡ್ಕೊಳ್ತಿದಾರೆ."

"ನಮ್ಮ ಹೆರ್ಟಾನೂ ಬರಬಹುದಾ?"

"ಅದೆಲ್ಲ ನನಗೇನು ಗೊತ್ತಮ್ಮಾವ್ರೇ. ಆದ್ರೆ ಪುಸ್ತಕ ನೆಟ್ಟಗಿರೋ ಮನೆಗೆ ಯಾವತ್ತೂ ತೊಂದರೆ ಆಗಲ್ಲ. ಇಷ್ಟು ನಾನು ಹೇಳಬಲ್ಲೆ."

ಆಮೇಲೆ ಅಂಗಳದಲ್ಲಿ ಎಲ್ಲ ಸರಿ ತಾನೇ ಎಂದು ಕೇಳಿದರು. ಏನೂ ಇಲ್ಲ ಎಂದು ಪ್ರತಿ ಸಲ ಹೇಳಿದರೆ ಅವರಿಗೂ ಅನುಮಾನ ಬರುವುದಿಲ್ಲವೇ? ಏನಾದರೂ ಒಂದು ಹೇಳಲೇಬೇಕಿತ್ತು. ಬೂಸೆಯ ಟಿವಿ ಆಂಟೆನಾ ಆಚೆಯವರ ಕಾರ್ಯಕ್ರಮ ಹಿಡಿಯಲು ಪಶ್ಚಿಮಕ್ಕೆ ತಿರುಗಿದೆ ಅಂದೆ. ಅದೇನು ಮಹಾ, ಕಂಡವರಿಗೆಲ್ಲ ಕಾಣುತ್ತದೆ. ಸಿಗ್ರುನ್ ವಿಷಯ ಉಳಿಯಿತಲ್ಲ. ಹಗುರವೆನಿಸಿತು.

ಡಿಸೆಂಬರ್ ೧೧, ಬುಧವಾರ

ಬೂಸೆಯ ಆಂಟೆನಾ ಇಳಿಸಿದರು. ಅವನ ಡಿಪೋದಲ್ಲಿ ಎಲ್ಲರೆದುರು ನಿಲ್ಲಿಸಿ ಛೀಮಾರಿ ಹಾಕಿದರಂತೆ. ಬೆಳಿಗ್ಗೆ ಆರೂ ಹತ್ತಕ್ಕೆ ಎದುರಿಗೆ ಸಿಕ್ಕವನು ಸೆಲ್ಯೂಟೂ ಇಲ್ಲ, ತಮಾಷೆಯೂ ಇಲ್ಲ, ಸರ್ರನೆ ಹೋದ. ನಾಚಿಕೆಯಾಗಿರಬೇಕು.

ಪುಸ್ತಕವನ್ನು ಕಿಟಕಿಯ ಮೇಜಿಗೆ ತಂದಿಟ್ಟಿದ್ದೇನೆ. ಪದೇ ಪದೇ ಕುರ್ಚಿ ಹತ್ತಲು ಸೊಂಟಕ್ಕಾಗದು.

ಡಿಸೆಂಬರ್ ೧೪, ಶನಿವಾರ

ಸಿಗ್ರುನ್ ಇವತ್ತು ಅಮ್ಮನನ್ನು ತೊಳೆಯುತ್ತ ನನ್ನನ್ನು ಹತ್ತಿರ ಕರೆದಳು. "ದೊಡ್ಡಮ್ಮ, ನೋಡ್ಕೊಳ್ಳಿ. ಮೊದಲು ಎಡ ಮಗ್ಗುಲು. ಸೊಂಟದ ಕೆಳಗೆ ಕೈ ಕೊಡಿ, ಎಳೀಬೇಡಿ. ಹುಣ್ಣಿನ ಸುತ್ತ ಮಾತ್ರ ಒರೆಸಿ, ಒತ್ತಬೇಡಿ."

"ನನಗ್ಯಾಕೆ ಪಾಠ? ನೀನಿದೀಯಲ್ಲ."

"ಕಲ್ತಿರಿ ಅಂತ" ಎಂದು ನಕ್ಕಳು. ಕಣ್ಣು ನಗಲಿಲ್ಲ.

ಇವಳು ಗೋಡೆಯಾಚೆಗೆ ಹೋಗುತ್ತಾಳೆ. ಕೆಲವೇ ದಿನದಲ್ಲಿ ಹೋಗುತ್ತಾಳೆ. ಅಪ್ಪಾ ದೇವರೇ, ನನ್ನ ಗೇಟಿನಿಂದ ಹೋಗುತ್ತಾಳೆ! ಸಿಕ್ಕಿಬಿದ್ದರೆ ಎಲ್ಲಿದ್ದೆ ಎಂದು ಕೇಳುತ್ತಾರೆ. ಐದೂವರೆ ವಾರ ಇಲ್ಲಿದ್ದಳು, ಪುಸ್ತಕದಲ್ಲಿ ಹೆಸರಿಲ್ಲ. ಪುಸ್ತಕ ಯಾರ ಹತ್ತಿರ ಎಂದು ಕೇಳುತ್ತಾರೆ. ಆಲ್ಮಾ ಗ್ರಾಬೊ. ತಂಗಿ ಎಲ್ಲಿದ್ದಾಳೆ? ಪಶ್ಚಿಮದಲ್ಲಿ. ಅಲ್ಲಿಗೆ ಮುಗಿಯಿತು, ಹೆರ್ಟಾ ಈ ಜನ್ಮದಲ್ಲಿ ಬಂದ ಹಾಗೆಯೇ.

ಡಿಸೆಂಬರ್ ೧೭, ಮಂಗಳವಾರ

ರೇಡಿಯೋದಲ್ಲಿ ಹೇಳಿದರು! ಒಪ್ಪಂದಕ್ಕೆ ರುಜು ಬಿತ್ತು. ನಾಡಿದ್ದಿನಿಂದ ಜನವರಿ ಐದರವರೆಗೆ ಪಶ್ಚಿಮ ಬರ್ಲಿನಿನವರು ಪಾಸು ತೆಗೆದುಕೊಂಡು ಒಂದು ದಿನದ ಮಟ್ಟಿಗೆ ಬರಬಹುದು, ಮಧ್ಯರಾತ್ರಿಯೊಳಗೆ ಹಿಂದಿರುಗಬೇಕು. ಲೆಂಬ್ಕೆಯವರು ಹೇಳಿದ್ದು ಅಕ್ಷರಶಃ ನಿಜವಾಯಿತು. ಅಮ್ಮನ ಕಿವಿಯಲ್ಲಿ ಮೂರು ಸಲ ಕೂಗಿದೆ. "ಹಾಗಾದ್ರೆ ಆಲೂಗಡ್ಡೆ ಸುಲಿ" ಅಂದಳು.

ಅರ್ಜಿಯಲ್ಲಿ ಯಾರನ್ನು ನೋಡಲು ಹೋಗುತ್ತೀರಿ, ಯಾವ ಬೀದಿ, ಯಾವ ಮನೆ ಎಂದು ಬರೆಯಬೇಕಂತೆ. ಆ ಅರ್ಜಿ ನಮ್ಮವರ ಕೈಗೇ ಬರುವುದು. ಹೆರ್ಟಾ ನನ್ನ ಹೆಸರು ಬರೆಯುತ್ತಾಳೆ. ಅವರು ಈ ಮನೆ ಎಂಥದ್ದೆಂದು ನೋಡದೆ ಬಿಡುತ್ತಾರೆಯೇ?

ಊಟ ಸೇರಲಿಲ್ಲ. ಮಧ್ಯಾಹ್ನ ಎರಡು ಗಂಟೆಗೆ ಪುಸ್ತಕ ತೆರೆದು ಬರೆದೆ. ಸಿಗ್ರುನ್ ಹಾಯರ್, ಹುಟ್ಟಿದ್ದು ೧೯೩೭, ನರ್ಸ್, ಮಾಗ್ಡೆಬುರ್ಗ್. ಎರಡನೆಯ ಮಹಡಿ, ಟ್ರೂಡೆ ವೊಲಿನ್ ಅವರ ಮನೆಯಲ್ಲಿ. ನವೆಂಬರ್ ೬ರಿಂದ. ಬೇರೆ ತಾರೀಕು ಹಾಕಬಹುದಿತ್ತೇನೋ, ನಿನ್ನೆ ಬಂದಳು ಎನ್ನಬಹುದಿತ್ತು. ಆದರೆ ಬರೆಯುವುದೇ ಆದರೆ ಸರಿಯಾಗಿ ಬರೆಯಬೇಕು. ಒಂದಕ್ಷರ ಸುಳ್ಳಿಲ್ಲ.

ಮೇಲೆ ಹೋಗಿ ಟ್ರೂಡೆಗೆ ಹೇಳಿಬಿಡೋಣವೆಂದು ಬಾಗಿಲವರೆಗೆ ಹೋದೆ. ಮೆಟ್ಟಿಲು ಹತ್ತಲು ಸೊಂಟ ಬಿಡಲಿಲ್ಲ.

ಡಿಸೆಂಬರ್ ೧೮, ಬುಧವಾರ

ಹತ್ತೂ ಇಪ್ಪತ್ತಕ್ಕೆ ಲೆಂಬ್ಕೆಯವರು ಬಂದರು. ಪುಟ ತಿರುವಿದರು. ಆ ಸಾಲಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿದರು. ನನ್ನನ್ನೇನೂ ಬೈಯಲಿಲ್ಲ. ಒಂದು ಲೋಟ ನೀರು ಕೇಳಿ ಕುಡಿದರು. "ಬರೆದಿದ್ದು ಒಳ್ಳೇದಾಯ್ತು ಅಮ್ಮಾವ್ರೇ" ಅಂದರು. ಎಷ್ಟೋ ದಿನದ ಮೇಲೆ ಇವತ್ತು ನಿದ್ದೆ ಬರಬಹುದು ಅನಿಸುತ್ತಿದೆ.

ಡಿಸೆಂಬರ್ ೧೯, ಗುರುವಾರ

ಬೆಳಿಗ್ಗೆ ಏಳೂ ಹತ್ತಕ್ಕೆ ಇಬ್ಬರು ಬಂದರು. ಮೇಲೆ ಹೋದವರು ಕೆಳಗಿಳಿದು ನನ್ನ ಬಾಗಿಲು ತಟ್ಟಿದರು. ಸಿಗ್ರುನ್ ಅಮ್ಮನ ಹತ್ತಿರವಿದ್ದಳು. ಬೆನ್ನು ಅರ್ಧ ತೊಳೆದಿತ್ತು.

"ಮುಗಿಸಿ ಬರ್ತೀನಿ, ಐದು ನಿಮಿಷ" ಅಂದಳು. ಒಬ್ಬನು ಗಡಿಯಾರ ನೋಡಿದ, ಇನ್ನೊಬ್ಬನು ತಲೆಯಾಡಿಸಿದ. ಇಬ್ಬರೂ ಒಲೆಗೆ ಕೈ ಕಾಯಿಸುತ್ತ ನಿಂತರು. ಅವಳು ಒರೆಸಿ, ಮುಲಾಮು ಹಚ್ಚಿ, ಅಂಗಿ ತೊಡಿಸಿ, ಹೊದಿಕೆ ಎಳೆದಳು. "ಅಜ್ಜಿ, ನಾಳೆ ಬರ್ತೀನಿ" ಅಂದಳು. ಬಟ್ಟಲಿನ ನೀರು ಚೆಲ್ಲಿ, ಬಟ್ಟೆ ಹಿಂಡಿ ಒಣಹಾಕಿದಳು. ನನ್ನ ಮುಖ ನೋಡಲಿಲ್ಲ. ಯಾಕೆ ನೋಡಲಿಲ್ಲವೋ.

ಟ್ರೂಡೆ ಮೆಟ್ಟಿಲಲ್ಲಿ ರಾತ್ರಿಯಂಗಿಯಲ್ಲೇ ನಿಂತಿದ್ದಳು. ಅವಳು ನೋಡಿದಳು.

ಡಿಸೆಂಬರ್ ೨೧, ಶನಿವಾರ

ಟ್ರೂಡೆಯನ್ನೂ ಕರೆದುಕೊಂಡು ಹೋಗಿ ನಿನ್ನೆ ಸಂಜೆ ನಾಲ್ಕೂ ಐವತ್ತಕ್ಕೆ ಬಿಟ್ಟರು. ಮಾತಾಡಿಸೋಣವೆಂದು ಅಂಗಳಕ್ಕೆ ಹೋದೆ. ಕಲ್ಲಿದ್ದಲಿನ ಬಕೆಟ್ಟು ಅಲ್ಲೇ ಕೆಳಗಿಟ್ಟು, "ಇದನ್ನೂ ಬರ್ಕೊ, ಒಂದು ಬಕೆಟ್ಟು" ಅಂದಳು. ಅಷ್ಟು ಜನರೆದುರಿಗೆ!

ನಾನೇನು ಮಾಡಿದೆ? ಇದ್ದದ್ದನ್ನು ಬರೆದೆ. ಹುಡುಗಿ ಕಾನೂನು ಪ್ರಕಾರ ನಡೆದುಕೊಂಡಿದ್ದರೆ ಬರೆಯುವುದರಿಂದ ಏನಾಗುತ್ತಿತ್ತು? ಮೂವತ್ತು ವರ್ಷದ ಗೆಳೆತನ ಇವಳಿಗೆ ಲೆಕ್ಕಕ್ಕಿಲ್ಲ. ನನ್ನ ತಾಯಿ ಸಾಯುತ್ತಿದ್ದಾಳೆಂದು ಒಬ್ಬರಾದರೂ ಯೋಚಿಸಿದರೇ?

ಅಮ್ಮನನ್ನು ನಾನೊಬ್ಬಳೇ ಹೊರಳಿಸಲು ಹೋಗಿ ಹುಣ್ಣು ಮತ್ತೆ ಬಾಯಿ ಬಿಟ್ಟಿದೆ.

ಡಿಸೆಂಬರ್ ೨೩, ಸೋಮವಾರ

ತಂತಿ ಬಂತು. "ಪಾಸು ಸಿಕ್ಕಿತು. ೨೮ ಬೆಳಿಗ್ಗೆ ಬರುವೆ. ಹೆರ್ಟಾ." ಅಡುಗೆಮನೆಯಲ್ಲಿ ನಿಂತು ಗಟ್ಟಿಯಾಗಿ ಅತ್ತೆ. ಗೇಟಿನ ಹತ್ತಿರ ಲೆಂಬ್ಕೆಯವರು ಕಂಡರು. ಓಡಿಹೋಗಿ ಕೈ ಹಿಡಿದು, "ನೀವು ಮಾಡಿದ ಉಪಕಾರ ಸಾಯೋವರೆಗೂ ಮರೆಯಲ್ಲ" ಅಂದೆ. ಅವರು ಕಕ್ಕಾಬಿಕ್ಕಿಯಾದರು. ದೊಡ್ಡ ಮನುಷ್ಯ, ಹೇಳಿಕೊಳ್ಳುವುದಿಲ್ಲ.

ಡಿಸೆಂಬರ್ ೨೮, ಶನಿವಾರ

ಏಳು ಗಂಟೆಗೇ ಶೋಸೆ ಬೀದಿಯ ಗಡಿಬಾಗಿಲ ಹತ್ತಿರ ನಿಂತಿದ್ದೆ. ಎಷ್ಟು ಜನ! ಯಾರದೋ ಹೆಸರು ಯಾರೋ ಕೂಗುವುದು, ಅಳುವುದು, ತಬ್ಬಿಕೊಳ್ಳುವುದು. ಹೆರ್ಟಾ ಒಂಬತ್ತಕ್ಕೆ ಐದು ನಿಮಿಷವಿರುವಾಗ ಬಂದಳು. ಹಸಿರು ಕೋಟು, ಎರಡು ಚೀಲ. ನನಗಿಂತ ಎಂಟು ವರ್ಷ ಚಿಕ್ಕವಳು, ಇವತ್ತು ನನ್ನ ಮಗಳ ಹಾಗೆ ಕಂಡಳು.

"ಅಕ್ಕಾ, ಯಾಕೆ ಇಷ್ಟು ಸೊರಗಿದೀಯಾ?"

"ಬಾ, ಬಾ. ಮೊದಲು ಮನೆಗೆ ಹೋಗಿ ನಿನ್ನ ಹೆಸರು ಬರೀಬೇಕು."

ಅವಳು ನಗೆಚಾಟಿಕೆ ಎಂದುಕೊಂಡಳು. ಒಂದು ದಿನಕ್ಕೆ ಬಂದವರನ್ನು ಬರೆಯಲೇಬೇಕೆಂದು ಯಾರೂ ಹೇಳಿಲ್ಲ. ಬರೆದಿಟ್ಟರೆ ಒಳ್ಳೆಯದು.

ಅಮ್ಮ ಮಂಪರಿನಲ್ಲಿದ್ದಳು. ಹೆರ್ಟಾ ಕೋಟೂ ಬಿಚ್ಚದೆ ಮಂಚದ ಪಕ್ಕ ಮೊಣಕಾಲೂರಿ ಅವಳ ಬೆನ್ನಿನ ಮೇಲೆ ಕೈಯಿಟ್ಟಳು. ಅಮ್ಮ ಕಣ್ಣು ತೆರೆಯಲಿಲ್ಲ, ಮುಖ ಮಾತ್ರ ಅರಳಿತು.

"ಸಿಗ್ರುನ್, ಬಂದ್ಯಾ ಮಗಳೇ? ನಾಳೆ ಬರ್ತೀನಿ ಅಂದೋಳು ಎಲ್ಲಿ ಹೋಗಿದ್ದೆ?"

"ನಾನಮ್ಮ, ಹೆರ್ಟಾ. ನಿನ್ನ ಹೆರ್ಟಾ."

"ಹೆರ್ಟಾ ಬರ್ತಾಳೆ. ಅವರ ಜಗಳ ಮುಗೀಬೇಕಂತೆ. ನೀನು ಬೆನ್ನು ಒರೆಸು."

ಹೆರ್ಟಾ ಒರೆಸಿದಳು. ಅಳುತ್ತ ಒರೆಸಿದಳು. ಕೂಗಿ ಹೇಳಿದರೂ, ಚಿಕ್ಕಂದಿನ ಮಾತು ನೆನಪಿಸಿದರೂ ಅಮ್ಮ ಒಪ್ಪಲಿಲ್ಲ. ಎರಡು ವರ್ಷದಿಂದ ಜಪ ಮಾಡಿದವಳು ಇವಳೇ ಏನು? ನನಗೆ ಅಮ್ಮನನ್ನು ಹಿಡಿದು ಅಲುಗಾಡಿಸಬೇಕೆನಿಸಿತು.

"ಸಿಗ್ರುನ್ ಯಾರಕ್ಕ?"

"ಮೇಲಿನ ಮನೆಯೋಳು. ಊರಿಗೆ ಹೋದ್ಲು."

ಊಟವಾದ ಮೇಲೆ ಹೆರ್ಟಾ ಟ್ರೂಡೆಯನ್ನು ನೋಡಿ ಬರುತ್ತೇನೆಂದು ಕೋಟು ತೋಳಿಗೆ ಹಾಕಿಕೊಂಡು ಹೋದಳು. ಬೇಡವೆ ಎಂದರೂ ಕೇಳಲಿಲ್ಲ. ಹೋದದ್ದು ಒಂದೂ ನಲವತ್ತಕ್ಕೆ, ಬಂದದ್ದು ಎರಡೂ ಐದಕ್ಕೆ. ಕಣ್ಣು ಕೆಂಪಾಗಿತ್ತು. ಕುರ್ಚಿಯ ತುದಿಯಲ್ಲಿ ಕೂತಳು.

"ಆ ಹುಡುಗಿ ದಿನಾ ಬಂದು ಅಮ್ಮನ್ನ ತೊಳೀತಿದ್ಲಂತೆ."

"ಹೂಂ."

"ಮತ್ತೆ ಹ್ಯಾಗೆ ಅಕ್ಕ? ಅವಳ ಹೆಸರು ಬರೆಯೋಕೆ ನಿನಗೆ ಕೈ ಹ್ಯಾಗೆ ಬಂತು?"

"ನಿನಗೋಸ್ಕರ ಕಣೇ! ಬರೀದಿದ್ರೆ ಈ ಮನೆ ಹೆಸರು ನೋಡಿ ನಿನಗೆ ಪಾಸು ಕೊಡ್ತಿದ್ರಾ? ಲೆಂಬ್ಕೆಯವರು ಎಷ್ಟು ಕಷ್ಟಪಟ್ಟು..."

"ಯಾವ ಲೆಂಬ್ಕೆ? ಸಾಲಲ್ಲಿ ನಿಂತೋರಿಗೆಲ್ಲ ಕೊಟ್ರು ಅಕ್ಕ. ಪಾಸು ಕೊಡ್ತಿದ್ದ ಶಾಲೆ ಹೊರಗೆ ಆ ಚಳೀಲಿ ಹನ್ನೊಂದು ಗಂಟೆ ನಿಂತಿದ್ದೆ. ಆ ಗುಮಾಸ್ತ ನನ್ನ ಮುಖಾನೇ ನೋಡ್ಲಿಲ್ಲ, ಮುದ್ರೆ ಒತ್ತಿ ಬಿಸಾಕ್ದ. ನಮ್ಮ ಕಟ್ಟಡದ ಕುಡುಕನಿಗೂ ಸಿಕ್ಕಿದೆ."

ಪಾಪ, ಅವಳಿಗೇನು ಗೊತ್ತು. ಆಚೆಯವರು ಎಲ್ಲ ತಾನೇ ತಾನಾಗಿ ಆಗುತ್ತದೆ ಎಂದುಕೊಂಡಿರುತ್ತಾರೆ. ಹಿಂದೆ ಯಾರು ಕಷ್ಟಪಟ್ಟರೆಂದು ಕಾಣುವುದಿಲ್ಲ. ನಾನು ವಾದ ಮಾಡಲಿಲ್ಲ. ಐದನೆಯ ತಾರೀಕಿನೊಳಗೆ ಇನ್ನೊಂದು ಪಾಸು ತೆಗೆದುಕೊಂಡು ಬಾ, ಅಮ್ಮ ಒಂದು ದಿನವಾದರೂ ಗುರುತು ಹಿಡಿಯುತ್ತಾಳೆ ಅಂದೆ. "ಅಮ್ಮನಿಗೋಸ್ಕರ ಬರ್ತೀನಿ. ನಾಳೆ ಬೆಳಿಗ್ಗೇನೇ ಹೋಗಿ ಸಾಲಲ್ಲಿ ನಿಲ್ತೀನಿ" ಅಂದಳು.

ಮಧ್ಯರಾತ್ರಿಯವರೆಗೆ ಇರಬಹುದಾಗಿದ್ದವಳು ಐದೂವರೆಗೇ ಎದ್ದಳು. ಅಮ್ಮನ ಹಣೆಗೆ ಮುತ್ತಿಟ್ಟಳು. ನನ್ನ ಕೈಯನ್ನು ಒಂದು ಗಳಿಗೆ ಹಿಡಿದು ಬಿಟ್ಟಳು. ಕೋಟು ತೊಡುವಾಗ ಎಡಗಡೆಯ ಒಳಮಡಿಕೆ ದಪ್ಪಗಾಗಿತ್ತು. ಬೆಳಿಗ್ಗೆ ಹಾಗಿರಲಿಲ್ಲ. ಆಚೆಯಿರುವ ಸಿಗ್ರುನ್‌ಳ ಹುಡುಗನಿಗೆ ಟ್ರೂಡೆ ಕಾಗದ ಕೊಟ್ಟಿರಬೇಕು.

ಡಿಸೆಂಬರ್ ೩೦, ಸೋಮವಾರ

ಹನ್ನೊಂದಕ್ಕೆ ಲೆಂಬ್ಕೆಯವರು ಬರುತ್ತಾರೆ. ಬಂದ ಸಂಬಂಧಿಕರು ಹೇಗಿದ್ದರು, ಏನು ಮಾತಾಡಿದರು ಎಂದು ಎಲ್ಲ ಕಟ್ಟಡದಲ್ಲೂ ವಿಚಾರಿಸುತ್ತಿದ್ದಾರಂತೆ. ಬಾಯಲ್ಲಿ ಹೇಳಹೊರಟರೆ ನನಗೆ ಮುಂದಿನದು ಹಿಂದಾಗುತ್ತದೆ, ಹಿಂದಿನದು ಮರೆಯುತ್ತದೆ. ಅದಕ್ಕೇ ಒಂದು ಹಾಳೆಯ ಮೇಲೆ ಬರೆಯುತ್ತ ಕೂತೆ. ಬಂದ ಹೊತ್ತು, ತಂದ ಸಾಮಾನು, ಟ್ರೂಡೆಯ ಮನೆಯಲ್ಲಿ ಇಪ್ಪತ್ತೈದು ನಿಮಿಷ, ಪಾಸಿನ ಬಗ್ಗೆ ಹಗುರವಾಗಿ ಆಡಿದ ಮಾತು. ಬಿಟ್ಟರೆ ಅವರಿಗೆ ಮೋಸ ಮಾಡಿದ ಹಾಗಾಗುತ್ತದೆ.

ಅಮ್ಮ ಇವತ್ತು ಎಚ್ಚರವಾಗಿದ್ದಳು. ಪೆನ್ನಿನ ಪರಪರ ಸದ್ದು ಕೇಳಿ ಮುಖ ತಿರುಗಿಸಿದಳು.

"ಏನೇ ಬರೀತಿದೀಯಾ?"

"ಹೆರ್ಟಾ ವಿಷಯ ಅಮ್ಮ."

"ಬೇಗ ಬರೋಕೆ ಹೇಳು. ನನಗೆ ತುಂಬಾ ದಿನ ಇಲ್ಲ ಅಂತ ಬರಿ."

ಆಯಿತಮ್ಮ ಎಂದೆ. ಇನ್ನೊಂದೇ ಸಾಲು ಉಳಿದಿತ್ತು. ಹಸಿರು ಕೋಟು, ಎಡಗಡೆಯ ಒಳಮಡಿಕೆ, ಕಾಗದವಿರಬಹುದು ಎಂದು ಬರೆದು ಕೆಳಗೆ ರುಜು ಹಾಕಿದೆ.